ಈ ದಾರಿಗೆ ಡಾಂಬರು ಬೇಡ

ಬಾರ್ಸಿಲೋನಾ ಕಡೆ ಹೋಗುವ ನಮ್ಮ ಸೈಕಲ್ ಗೆಳೆಯರು ಸಾಮಾನ್ಯವಾಗಿ ವಿಚಾರಿಸುವುದು ಒಂದೇ ರಸ್ತೆಯನ್ನು. ತೋಸಾ ದೆ ಮಾರ್‌ನಿಂದ ಸಾಂತ್ ಫೆಲಿಯು ದೆ ಗಿಷೋಲ್ಸ್‌ವರೆಗೆ ಕಡಲ ಅಂಚಿನಲ್ಲೇ ತಿರುವು ಮುರುವಾಗಿ ಸಾಗುವ ಜಿಐ-682. ನೋಟ ಅದ್ಭುತ, ಎರಡು ಮಾತಿಲ್ಲ. ಆದರೆ ರಜೆ ಬಂತೆಂದರೆ ಆ ರಸ್ತೆಯಲ್ಲಿ ಬಾಡಿಗೆ ಕಾರು, ಮೋಟಾರ್‌ಬೈಕು, ಕ್ಯಾಂಪರ್ ವ್ಯಾನುಗಳದ್ದೇ ದರ್ಬಾರು. ಅದೇ ಸಾಂತ್ ಫೆಲಿಯುಗೆ ಒಳನಾಡಿನಿಂದ ಇನ್ನೊಂದು ದಾರಿ ಬರುತ್ತದೆ. ಓಲೋಟ್ ಎಂಬ ಜ್ವಾಲಾಮುಖಿಗಳ ಊರಿನಿಂದ ಹೊರಟು, ಜಿರೋನಾ ಮೂಲಕ ಮೆಡಿಟರೇನಿಯನ್ ಕಡಲಿಗೆ ಇಳಿಯುವ, ಹಳೆಯ ರೈಲುದಾರಿಯ ಮೇಲೆ ಮಾಡಿದ ಗರಸಿನ ದಾರಿ. ಒಟ್ಟು ಸುಮಾರು 95 ಕಿ.ಮೀ. ಕೋಸ್ಟಾ ಬ್ರಾವಾ ಎಂಬ ಈ ಕರಾವಳಿಗೆ ಸೈಕಲ್ ತೆಗೆದುಕೊಂಡು ಹೋಗುವವರು ಮೊದಲು ತುಳಿಯಬೇಕಾದದ್ದು ಇದನ್ನು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಓಡುತ್ತಿದ್ದದ್ದು 75 ಸೆಂ.ಮೀ. ಅಗಲದ ಹಳಿಯ ಪುಟ್ಟ ರೈಲು. ಊರವರು ಅದನ್ನು ಕರಿಲೆಟ್ ಅನ್ನುತ್ತಿದ್ದರು. ಜಿರೋನಾ–ಸಾಂತ್ ಫೆಲಿಯು ರೈಲು 1892ರಲ್ಲಿ ಶುರುವಾಯಿತು. ಕಾಸಾ ದೆ ಲಾ ಸೆಲ್ವಾ, ಯಾಗೊಸ್ತೆರಾ ಊರುಗಳ ಕಾರ್ಕ್ ಅದರಲ್ಲೇ ಬಂದರಿಗೆ ಹೋಗುತ್ತಿತ್ತು. ಓಲೋಟ್ ಕಡೆಯ ರೈಲು ತುಂಡು ತುಂಡಾಗಿ ಮುಂದುವರಿದು 1911ರಲ್ಲಿ ಓಲೋಟ್ ಮುಟ್ಟಿತು. ಎರಡೂ 1969ರಲ್ಲಿ ನಿಂತುಹೋದವು. ಹಳೆಯ ರೈಲುದಾರಿಗಳನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಡುವ 'ವಿಯಾಸ್ ವೆರ್ದೆಸ್', ಅಂದರೆ ಹಸಿರು ದಾರಿಗಳ ಯೋಜನೆ ಸ್ಪೇನಿನಲ್ಲಿ 1993ರಲ್ಲಿ ಆರಂಭವಾಯಿತು. ಇವತ್ತು ಓಲೋಟ್–ಜಿರೋನಾ 54 ಕಿ.ಮೀ., ಜಿರೋನಾ–ಸಾಂತ್ ಫೆಲಿಯು ಹತ್ತಿರ ಹತ್ತಿರ 40 ಕಿ.ಮೀ.

ಇಂಥ ದಾರಿಗಳ ವಿಷಯ ಬಂದಾಗಲೆಲ್ಲ ಕೇಳಿಬರುವ ಮಾತೊಂದಿದೆ: "ಇಷ್ಟು ಚೆನ್ನಾಗಿದೆ, ಡಾಂಬರು ಹಾಕಿಬಿಟ್ಟರೆ ಇನ್ನೂ ಚೆನ್ನಾಗಿರುತ್ತಿತ್ತು." ಇದನ್ನು ನಾನು ಒಪ್ಪುವುದಿಲ್ಲ. ಯಾಕೆ ಅನ್ನುವುದಕ್ಕೆ ಆ ಗರಸು ಏನೆಂದು ತಿಳಿಯಬೇಕು.

ಅದರ ಸ್ಥಳೀಯ ಹೆಸರು ಸೌಲೊ. ಗ್ರಾನೈಟ್ ಬಂಡೆ ಕೊಳೆತು ಪುಡಿಯಾದ ಹಳದಿ-ಕಂದು ಬಣ್ಣದ ಒರಟು ಮರಳು. ನಮ್ಮ ಬಯಲುಸೀಮೆಯ ಗ್ರಾನೈಟ್ ಗುಡ್ಡಗಳ ಬುಡದಲ್ಲಿ ಸಿಗುವ ಗರಸಿನ ಹತ್ತಿರದ ನೆಂಟ. ಇದರ ಕಾಳು ನದಿ ಮರಳಿನಂತೆ ದುಂಡಗಿರುವುದಿಲ್ಲ, ಮೂಲೆ ಮೂಲೆಯಾಗಿರುತ್ತದೆ. ಹಾಗಾಗಿ ಸ್ವಲ್ಪ ಜೇಡಿ ಬೆರೆತು, ಹದವಾದ ತೇವದಲ್ಲಿ ರೋಲರ್ ಹೊಡೆದರೆ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ನೆಲವಾಗುತ್ತದೆ. ಮಳೆ ನೀರಿನ ಒಂದಷ್ಟು ಪಾಲು ಕೆಳಗೆ ಇಂಗುತ್ತದೆ, ಉಳಿದದ್ದು ದಾರಿಯ ಅಡ್ಡ ಇಳಿಜಾರಿನಲ್ಲಿ ಪಕ್ಕದ ಚರಂಡಿಗೆ ಹೋಗುತ್ತದೆ. ಇದರ ವೈರಿ ಒಂದೇ: ದಾರಿಯ ಉದ್ದಕ್ಕೆ ರಭಸವಾಗಿ ಹರಿಯುವ ನೀರು. ಏರು ಕಡಿದಾದಷ್ಟೂ ನೀರು ಕಾಳುಗಳನ್ನು ಎತ್ತಿಕೊಂಡು ಹೋಗಿ ಕೊರಕಲು ಮಾಡುತ್ತದೆ. ಹಳೆಯ ರೈಲುದಾರಿಯ ಉಪಕಾರ ಇರುವುದು ಇಲ್ಲೇ. ಉಗಿಬಂಡಿ ಕಡಿದಾದ ಏರು ಹತ್ತಲಾರದು ಅಂತ ಅಂದಿನ ಎಂಜಿನಿಯರುಗಳು ಗುಡ್ಡ ಕಡಿದು, ಹಳ್ಳ ತುಂಬಿ, ನೂರು ಮೀಟರಿಗೆ ಎರಡು-ಮೂರು ಮೀಟರಿಗಿಂತ ಹೆಚ್ಚು ಏರದಂತೆ ನೋಡಿಕೊಂಡರು. ಆ ಮಟ್ಟಸದಿಂದಾಗಿಯೇ ಸೌಲೊ ಇಲ್ಲಿ ಬಾಳಿಕೆ ಬರುತ್ತದೆ. ಹೆದ್ದಾರಿಯಿಂದಾಗಿ ಹಳೆಯ ಜಾಡು ತುಂಡಾಗಿ, ದಾರಿಯನ್ನು ಪಕ್ಕಕ್ಕೆ ತಿರುಗಿಸಿದ ಕಡೆ ಮಾತ್ರ ದಿಢೀರ್ ಏರಿಳಿತ ಬರುತ್ತದೆ. ನೆಲ ಹಾಳಾಗಿರುವುದೂ ಹೆಚ್ಚಾಗಿ ಅಲ್ಲೇ. ಅಂಥ ಚಿಕ್ಕ ತುಂಡುಗಳಿಗೆ ಕಾಂಕ್ರೀಟ್ ಹಾಕಿದರೆ ನನ್ನ ತಕರಾರಿಲ್ಲ. ಊರೊಳಗಿನ ಭಾಗಗಳು ಹೇಗೂ ಗಟ್ಟಿ ರಸ್ತೆಯೇ.

ಇಡೀ ದಾರಿಗೆ ಡಾಂಬರು ಹಾಕಿದರೆ ಮೊದಲು ಬದಲಾಗುವುದು ವೇಗ. ಈ ದಾರಿಯಲ್ಲಿ ಸಂಜೆ ಕೈಹಿಡಿದು ನಡೆಯುವ ಮುದುಕರಿದ್ದಾರೆ, ಸೈಕಲ್ ಕಲಿಯುವ ಮಕ್ಕಳಿದ್ದಾರೆ, ನಾಯಿ ಕರೆತರುವವರಿದ್ದಾರೆ. ಗರಸಿನ ಮೇಲೆ ಸಾಮಾನ್ಯ ಸವಾರ ಗಂಟೆಗೆ 18–20 ಕಿ.ಮೀ.ನಲ್ಲಿ ಹೋಗುತ್ತಾನೆ, ಚಕ್ರದ ಸದ್ದೂ ಮುಂದಿನವರಿಗೆ ಕೇಳುತ್ತದೆ. ಅದೇ ಡಾಂಬರಿನ ಮೇಲೆ, ಆ ಹಿತವಾದ ಇಳಿಜಾರಿನಲ್ಲಿ, 35 ದಾಟುವುದು ಕಷ್ಟವೇ ಅಲ್ಲ, ಅದೂ ಸದ್ದಿಲ್ಲದೆ. ಆಮೇಲೆ ನಡೆಯುವವರು ಬರುವುದನ್ನೇ ಬಿಡುತ್ತಾರೆ. ಜೊತೆಗೆ ಜುಲೈ ಬಿಸಿಲಿನಲ್ಲಿ ಕಪ್ಪು ನೆಲದ ಕಾವು, ಮರದ ಬೇರು ಉಬ್ಬಿ ಡಾಂಬರು ಬಿರಿಯುವ ಕಾಟ. ಸೌಲೊ ಕೆಟ್ಟರೆ ಒಂದು ಲೋಡು ತಂದು ಸುರಿದು ಮಟ್ಟ ಮಾಡಿ ರೋಲರ್ ಹೊಡೆದರಾಯಿತು. ಗಾಲಿಕುರ್ಚಿಯವರಿಗೆ ಕಷ್ಟವಲ್ಲವೇ ಅನ್ನುವ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಡಾಂಬರಲ್ಲ, ಚೆನ್ನಾಗಿ ಒತ್ತಿ ಕೂರಿಸಿ ವರ್ಷ ವರ್ಷ ನಿಗಾ ಇಟ್ಟ ಸೌಲೊ.

ಗರಸು ಇರಲಿ ಅಂದಮೇಲೆ ಅದರ ಮೇಲೆ ಓಡಿಸುವುದನ್ನೂ ಕಲಿಯಬೇಕು.

ಮುಖ್ಯವಾದದ್ದು ಟಯರಿನ ಗಾಳಿ. ಗಟ್ಟಿ ನೆಲದ ಮೇಲೆ ಸಡಿಲ ಕಾಳು ಹರಡಿರುವ ಕಡೆ ಹೆಚ್ಚು ಗಾಳಿಯ ಟಯರು ಗೋಲಿಗಳ ಮೇಲೆ ನಿಂತಂತೆ ಜಾರುತ್ತದೆ. 40 ಮಿ.ಮೀ. ಟ್ಯೂಬ್‌ಲೆಸ್ ಟಯರ್, ಸವಾರ 70 ಕೆ.ಜಿ. ಆಸುಪಾಸು ಇದ್ದರೆ ಮುಂದೆ 30, ಹಿಂದೆ 33 ಪಿಎಸ್‌ಐನಿಂದ ಶುರು ಮಾಡಿ. ಹತ್ತು ಕೆ.ಜಿ. ಲಗೇಜು ಇದ್ದರೆ ಹಿಂದಕ್ಕೆ ಮೂರ್ನಾಲ್ಕು ಸೇರಿಸಿ. ಟ್ಯೂಬ್ ಇದ್ದರೆ ಎರಡೂ ಕಡೆ ಐದಾರು ಹೆಚ್ಚಿರಲಿ, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ಸಿಕ್ಕಿ ಎರಡು ತೂತು ಬೀಳುತ್ತದೆ. ಪಂಪಿನ ಮುಳ್ಳು ಇಷ್ಟು ಕಡಿಮೆ ಗಾಳಿಯಲ್ಲಿ ಸರಿಯಾಗಿ ತೋರಿಸುವುದು ಅಪರೂಪ, ಚಿಕ್ಕ ಡಿಜಿಟಲ್ ಗೇಜ್ ಜೊತೆಗಿರಲಿ. ಬಾಡಿಗೆ ಸೈಕಲ್ಲು ತೆಗೆದುಕೊಂಡರೆ ಅಂಗಡಿಯಲ್ಲೇ ಗಾಳಿ ನೋಡಿಸಿ. 32 ಮಿ.ಮೀ.ಗಿಂತ ಸಣ್ಣ ಟಯರಿನಲ್ಲಿ ಈ ದಾರಿ ಸಾಗದು ಅಂತಲ್ಲ, ಕೈ ನೋಯುತ್ತದೆ. ದಪ್ಪ ಗುಬುಟಿನ ದೊಡ್ಡ ಟಯರೂ ಬೇಡ, ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಗುಬುಟು ಇರುವುದು ಸಾಕು.

ಪಂಕ್ಚರ್ ಮಾಡುವುದು ಕಲ್ಲಿಗಿಂತ ಹೆಚ್ಚಾಗಿ ಮುಳ್ಳು. ಬೇಸಿಗೆಯ ಕೊನೆಯಲ್ಲಿ ದಾರಿಯಂಚಿನ ಒಣ ಕಳೆಯಲ್ಲಿ ನಮ್ಮ ನೆಗ್ಗಿಲು ಮುಳ್ಳೇ ಅಲ್ಲೂ ಕಾದಿರುತ್ತದೆ. ಸೈಕಲ್ಲು ನಿಲ್ಲಿಸುವಾಗ ಹುಲ್ಲಿಗೆ ಇಳಿಸಬೇಡಿ. ಟ್ಯೂಬ್‌ಲೆಸ್ ಇದ್ದರೆ ಪ್ರತಿ ಟಯರಿಗೆ 70–80 ಮಿ.ಲೀ. ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ. ಆ ಸೆಕೆಗೆ ಅದು ಎರಡು-ಮೂರು ತಿಂಗಳಲ್ಲಿ ಒಣಗಿಹೋಗುವುದರಿಂದ ಊರು ಬಿಡುವ ಮುನ್ನ ಹೊಸದು ಹಾಕಿ. ಚುಚ್ಚಿದ ಮುಳ್ಳನ್ನು ಕೂಡಲೇ ಕೀಳುವ ಆತುರ ಬೇಡ. ಗಾಳಿ ಸೋರುತ್ತಿಲ್ಲವಾದರೆ ಮುಂದಿನ ಊರು ಸಿಗುವವರೆಗೆ ಅದೇ ಬಿರಡೆ. ಚೈನಿಗೆ ಜಿಡ್ಡಿನ ಎಣ್ಣೆ ಹಾಕಿದರೆ ಗ್ರಾನೈಟ್ ಧೂಳು ಅಂಟಿ ಅರೆಯುವ ಪೇಸ್ಟ್ ಆಗುತ್ತದೆ. ಮೇಣದ ಲೂಬ್ ಅಥವಾ ಒಣ ಲೂಬ್ ಒಳ್ಳೆಯದು. ಮಳೆಯಲ್ಲಿ ಓಡಿಸಿದರೆ ಅದೇ ಧೂಳು ಬ್ರೇಕ್ ಪ್ಯಾಡನ್ನು ತಿಂದುಹಾಕುತ್ತದೆ. ಒಂದು ಜೊತೆ ಪ್ಯಾಡ್ ಜೇಬಿನಲ್ಲಿರಲಿ.

ಬ್ರೇಕ್ ಹಿಡಿಯುವುದು ತಿರುವಿಗೆ ಮೊದಲೇ, ತಿರುವಿನೊಳಗೆ ಅಲ್ಲ. ಚಕ್ರಗಳು ಓಡಾಡಿ ಗಟ್ಟಿಯಾದ ಜಾಡು ಬಣ್ಣದಲ್ಲೇ ಗೊತ್ತಾಗುತ್ತದೆ, ಅದನ್ನು ಹಿಡಿಯಿರಿ. ಕೊರಕಲು ಸಿಕ್ಕರೆ ನೇರವಾಗಿ ದಾಟಿ. ಓರೆಯಾಗಿ ದಾಟಿದರೆ ಮುಂದಿನ ಚಕ್ರ ಅದರೊಳಗೆ ಸಿಕ್ಕಿಕೊಳ್ಳುತ್ತದೆ.

ವಾಹನವಿಲ್ಲದ ದಾರಿಯಲ್ಲಿ ಅಪಾಯವಿರುವುದು ವಾಹನದ ದಾರಿಯನ್ನು ದಾಟುವ ಜಾಗದಲ್ಲಿ. ಹತ್ತಾರು ಕಿ.ಮೀ. ಹಕ್ಕಿ ಸದ್ದು ಕೇಳುತ್ತ ಬಂದ ಮನಸ್ಸು ಸಡಿಲವಾಗಿರುತ್ತದೆ, ದಿಢೀರನೆ ರಸ್ತೆ ಅಡ್ಡ ಬರುತ್ತದೆ. ಅಲ್ಲಿ ಸೈಕಲ್ಲಿಗೆ ಮೊದಲ ಹಕ್ಕು ಅಂದುಕೊಳ್ಳಬೇಡಿ. ಕಾಲೂರಿ, ನಿಂತು, ಎಡಕ್ಕೆ ನೋಡಿ. ಹತ್ತಿರದ ವಾಹನ ನಿಮ್ಮ ಎಡದಿಂದ ಬರುತ್ತದೆ, ನಮ್ಮಲ್ಲಿಯಂತೆ ಬಲದಿಂದಲ್ಲ. ಕಾರು ನುಗ್ಗದಂತೆ ನೆಟ್ಟ ಗೂಟಗಳೂ ಅಲ್ಲಲ್ಲಿ ಇರುತ್ತವೆ. ಹ್ಯಾಂಡಲ್ ತೂರಿದರೂ ಅಗಲದ ಚೀಲ ತಗುಲುತ್ತದೆ. ಮುಂದಿನವರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬರುವವರು ಬೀಳುವುದು ಈ ಗೂಟಕ್ಕೇ, ಕೊನೇ ಗಳಿಗೆವರೆಗೆ ಅದು ಕಾಣುವುದೇ ಇಲ್ಲ. ಊರಿನ ಹೊರಗೆ ಹೆಲ್ಮೆಟ್ ಕಡ್ಡಾಯ, 16 ವರ್ಷದೊಳಗಿನವರಿಗೆ ಎಲ್ಲೆಡೆ ಕಡ್ಡಾಯ. ಬೆಲ್ ಇರಲೇಬೇಕು, ಅದನ್ನು ದೂರದಿಂದಲೇ ಮೆಲ್ಲಗೆ ಹೊಡೆಯಿರಿ.

ದಿಕ್ಕು ಓಲೋಟ್‌ನಿಂದ ಕಡಲ ಕಡೆಗೇ ಇರಲಿ. ಓಲೋಟ್ ಸುಮಾರು 440 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬಾಸ್ ಕಣಿವೆಯ ಹೊಲಗಳ ನಡುವೆ ಸಾಗಿ 620 ಮೀಟರ್ ಆಸುಪಾಸಿನ ಕೋಲ್ ದೆನ್ ಬಾಸ್ ಕಣಿವೆಬಾಗಿಲು ಹತ್ತಿದರೆ ಆ ದಿನದ ದೊಡ್ಡ ಏರು ಮುಗಿಯಿತು. ಆಮೇಲೆ ಸಾಂತ್ ಫೆಲಿಯು ದೆ ಪಾಯೆರೋಲ್ಸ್, ಲೆಸ್ ಪ್ಲಾನೆಸ್, ಆಮೆರ್, ಅಂಗ್ಲೆಸ್, ಬೆಸ್ಕಾನೊ ದಾಟಿ 70 ಮೀಟರ್ ಎತ್ತರದ ಜಿರೋನಾವರೆಗೆ ಒಟ್ಟಾರೆ ಇಳಿಯುತ್ತಲೇ ಹೋಗುತ್ತೀರಿ. ಸಾಂತ್ ಫೆಲಿಯು ಹೆಸರಿನ ಊರು ಈ ದಾರಿಯಲ್ಲಿ ಎರಡಿವೆ, ಬೆಟ್ಟದ್ದೊಂದು, ಕಡಲಿನದೊಂದು. ಹೋಟೆಲ್ ಬುಕ್ ಮಾಡುವಾಗ ಪೂರ್ತಿ ಹೆಸರು ನೋಡಿ.

ಅಭ್ಯಾಸ ಇರುವವರು ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಎರಡು ದಿನ ಮಾಡಿ, ಜಿರೋನಾದಲ್ಲಿ ಉಳಿಯಿರಿ. ಎರಡನೇ ದಿನ ಓನ್ಯಾರ್ ನದಿಯ ಪಕ್ಕ ಹಿಡಿದು, ಕಪ್ಪು ಮಡಕೆಗಳಿಗೆ ಹೆಸರಾದ ಕ್ವಾರ್ತ್ ಮೂಲಕ ಬೆಳಿಗ್ಗೆಯೇ ಹೊರಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಎದ್ದು ನೇರ ಮುಖಕ್ಕೆ ಹೊಡೆಯುತ್ತದೆ. ಯಾಗೊಸ್ತೆರಾ ಬಿಟ್ಟಮೇಲೆ ಸಾಂತಾ ಕ್ರಿಸ್ತಿನಾವರೆಗೆ ಊರುಗಳ ಅಂತರ ಹೆಚ್ಚು, ಅಲ್ಲಿಗೆ ಬಾಟಲಿ ತುಂಬಿಸಿಕೊಂಡೇ ಹೋಗಿ. ಊರ ಚೌಕದ ನಲ್ಲಿ ನೀರು ಸಾಮಾನ್ಯವಾಗಿ ಕುಡಿಯಬಹುದು. 'ನೊ ಪೊತಾಬ್ಲೆ' ಎಂಬ ಫಲಕವಿದ್ದರೆ ಮುಖ ತೊಳೆಯಲು ಮಾತ್ರ. ಏಪ್ರಿಲ್–ಜೂನ್ ಮತ್ತು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಒಳ್ಳೆಯ ಕಾಲ. ಜುಲೈ-ಆಗಸ್ಟ್‌ನಲ್ಲಿ ಒಳನಾಡು ಕುದಿಯುತ್ತದೆ, ಕಡಲೂರುಗಳಲ್ಲಿ ಕೋಣೆ ಸಿಗದು.

ಊಟ: ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಎರಡರ ಸುಮಾರಿಗೆ ಮುಚ್ಚಿ ಸಂಜೆ ಐದಕ್ಕೆ ತೆರೆಯುತ್ತವೆ, ಭಾನುವಾರ ನಂಬುವಂತಿಲ್ಲ. ಸಸ್ಯಾಹಾರಿಗಳಿಗೆ ಬ್ರೆಡ್ಡಿಗೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಸುರಿದ ಪಾ ಅಂಬ್ ತುಮಾಕೆತ್ ಎಲ್ಲೆಡೆ ಸಿಗುತ್ತದೆ. ಸುಟ್ಟ ಬದನೆಕಾಯಿ, ದೊಣ್ಣೆಮೆಣಸಿನಕಾಯಿಯ ಎಸ್ಕಲಿವಾದಾ ಕೂಡ ರುಚಿ. ಆದರೆ ಅದರ ಮೇಲೆ ಮೀನು ಇಡುವ ರೂಢಿ ಇದೆ, ಮೊದಲೇ ಬೇಡವೆಂದು ಹೇಳಿ.

ಬಾರ್ಸಿಲೋನಾದಿಂದ ಜಿರೋನಾಗೆ ಸಾಮಾನ್ಯ ರೈಲಿನಲ್ಲಿ ಸೈಕಲ್ಲು ಹಾಗೇ ಏರಿಸಬಹುದು, ಜಾಗ ಇದ್ದರೆ. ಹೈಸ್ಪೀಡ್ ರೈಲು ಬೇಗ ಮುಟ್ಟಿಸುತ್ತದೆ, ಆದರೆ ಸೈಕಲ್ಲು ಬಿಚ್ಚಿ ಚೀಲದಲ್ಲಿಡಬೇಕು. ಓಲೋಟ್‌ಗೆ ರೈಲೇ ಇಲ್ಲ, ಸಾಂತ್ ಫೆಲಿಯುಗೂ ಇಲ್ಲ. ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ಲಿಗೆ ಜಾಗ ಖಾತ್ರಿಯಿಲ್ಲದ್ದರಿಂದ ಮೊದಲೇ ಕೇಳಿ.

ಇಲ್ಲಿಗೆ ಬಂದವರಿಗೆ ಸುಲಭವಾಗಿ ಆಸೆ ಹತ್ತಿಸುವ ಇನ್ನೆರಡರ ಬಗ್ಗೆ ಎಚ್ಚರ. ಪಿರಿನೆಕ್ಸಸ್ ಎಂಬ 353 ಕಿ.ಮೀ. ಸುತ್ತು ಈ ದಾರಿಗಳನ್ನೂ ಒಳಗೊಂಡು ಫ್ರಾನ್ಸಿನೊಳಗೆ ಹೋಗಿ ಬರುತ್ತದೆ. ಅದರಲ್ಲಿ ವಾಹನಗಳಿರುವ ರಸ್ತೆಯೂ ಸಾಕಷ್ಟಿದೆ, 1,513 ಮೀಟರಿನ ಕೋಲ್ ದಾರೆಸ್ ಕಣಿವೆಬಾಗಿಲೂ ಇದೆ. ಮಕ್ಕಳನ್ನು ಕರೆದೊಯ್ಯುವ ದಾರಿ ಅದಲ್ಲ. ಇನ್ನು ಕಡಲ ಬಂಡೆಗಳ ಮೇಲಿನ ಕಮಿ ದೆ ರೋಂಡಾ ಮೆಟ್ಟಿಲುಗಳ ಕಾಲುದಾರಿ, ಅಲ್ಲಿಗೆ ಸೈಕಲ್ಲು ಒಯ್ಯಲೇಬೇಡಿ. ಕಡಲ ಪಕ್ಕ ಇನ್ನಷ್ಟು ಬೇಕೆನಿಸಿದರೆ ಪಾಲಮೋಸ್–ಪಾಲಫ್ರುಜೆಲ್ ನಡುವೆ, 1956ರಲ್ಲಿ ನಿಂತ ಇನ್ನೊಂದು ಪುಟ್ಟ ರೈಲಿನ ಜಾಡಿದೆ. ಐದಾರು ಕಿ.ಮೀ. ಅಷ್ಟೇ, ತಂಪಾದ ಪೈನ್ ನೆರಳು. ಗವಾರೆಸ್ ಕಾಡಿನ ಒಳದಾರಿಗಳಿಗೆ ನುಗ್ಗುವವರು ಬೇಸಿಗೆಯಲ್ಲಿ ಬೆಂಕಿ ಎಚ್ಚರಿಕೆಯಿಂದ ಪ್ರವೇಶ ಮುಚ್ಚಿದೆಯೇ ಎಂದು, ಚಳಿಗಾಲದಲ್ಲಿ 'ಬತುದಾ' ಅಂದರೆ ಕಾಡುಹಂದಿ ಬೇಟೆಯ ಫಲಕ ಇದೆಯೇ ಎಂದು ನೋಡಿ. ಇದ್ದರೆ ಹಿಂತಿರುಗಿ.

ದೊಡ್ಡ ಮಳೆ ಸುರಿದ ಮರುದಿನ ಹೋಗಬೇಡಿ. 2020ರ ಜನವರಿಯ ಗ್ಲೋರಿಯಾ ಬಿರುಗಾಳಿ-ಮಳೆಗೆ ಈ ಪ್ರಾಂತ್ಯದ ನದಿದಡಗಳೇ ತತ್ತರಿಸಿದ್ದವು. ಸಾಧಾರಣ ಶರತ್ಕಾಲದ ಮಳೆಗೂ ಸೌಲೊ ಮೆತ್ತಗಾಗುತ್ತದೆ. ಮೆತ್ತಗಿರುವಾಗ ಓಡಿಸಿದ ಪ್ರತಿ ಚಕ್ರವೂ ಒಂದು ಗೀರು ಎಳೆಯುತ್ತದೆ, ಮುಂದಿನ ಮಳೆ ನೀರು ಅದೇ ಗೀರು ಹಿಡಿದು ಕೊರಕಲು ತೋಡುತ್ತದೆ. ಒಂದು ದಿನ ಬಿಸಿಲು ಬೀಳಲು ಬಿಡಿ. ಬೆರಳಿನಿಂದ ಒತ್ತಿದರೆ ನೆಲ ತಗ್ಗದಿದ್ದಾಗ ಹೊರಡಬಹುದು.