ಸ್ಪಷ್ಟನೆ: ಜುಬಿನ್ ಮೆಹ್ತಾ ಮತ್ತು ಒಪೆರಾ

ಮುಂಬೈ ಮೂಲದ ವಾದ್ಯವೃಂದ ನಿರ್ದೇಶಕ ಜುಬಿನ್ ಮೆಹ್ತಾ ಒಪೆರಾ (ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ಸಂಗೀತ ನಾಟಕ) ಕಡೆಗೆ ತಿರುಗಿದ್ದೇ 1990ರಲ್ಲಿ ರೋಮ್‌ನಲ್ಲಿ ನಡೆದ ‘ಮೂವರು ಟೆನರ್’ಗಳ (ಏರುದನಿಯ ಗಾಯಕರ) ಕಛೇರಿಯಿಂದ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಅದಕ್ಕೂ ಕಾಲು ಶತಮಾನ ಮೊದಲೇ, 1965ರಲ್ಲಿ, ಅವರು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಇಟಲಿಯ ಸಂಗೀತ ರಚನಕಾರ ವೆರ್ಡಿಯ ‘ಐದಾ’ ಒಪೆರಾ ನಡೆಸಿದ್ದರು. ಆಗ ಅವರಿಗೆ ವಯಸ್ಸು 29. ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಹೊಣೆಯೂ ಹೆಗಲ ಮೇಲಿತ್ತು. 1985ರಿಂದ ಫ್ಲಾರೆನ್ಸ್‌ನ ಮಾಜ್ಜೊ ಮುಸಿಕಾಲೆ ಎಂಬ ಸಂಗೀತ, ಒಪೆರಾ ಸಂಸ್ಥೆಯ ಮುಖ್ಯ ನಿರ್ದೇಶಕರಾಗಿದ್ದರು. ರೋಮ್‌ನ ಆ ಕಛೇರಿಯಲ್ಲಿ ನುಡಿಸಿದ ಎರಡು ವೃಂದಗಳಲ್ಲಿ ಒಂದು ಈ ಮಾಜ್ಜೊ ಮುಸಿಕಾಲೆಯದೇ! ಅಂದು ಆ ಮೂವರು ಟೆನರ್‌ಗಳಾದ ಪವರೊಟ್ಟಿ, ಡೊಮಿಂಗೊ, ಕರೆರಾಸ್ ಹಾಡಿದ್ದು ನಿಜ. ವಿಶ್ವಕಪ್ ಫುಟ್‌ಬಾಲ್ ಫೈನಲ್‌ನ ಹಿಂದಿನ ರಾತ್ರಿಯಾದ್ದರಿಂದ ಟಿ.ವಿ. ಪ್ರೇಕ್ಷಕರಿಗೂ ಬರವಿರಲಿಲ್ಲ. ಆದರೆ ಅದು ಪ್ರಸಿದ್ಧಿಯ ಮಾತು, ಆರಂಭದ್ದಲ್ಲ. ಮ್ಯೂನಿಕ್‌ನ ಬವೇರಿಯನ್ ಸ್ಟೇಟ್ ಒಪೆರಾದ ಹುದ್ದೆ ಮಾತ್ರ ನಂತರದ್ದು: 1998ರಿಂದ 2006.