ಗಲ್ಲಾದ ಹಿಂದೆ ನಿಂತ ಅಪರಾಧಿ

ಕನ್ವೀನಿಯನ್ಸ್ ಸ್ಟೋರ್, ಎಂದರೆ ಹೊತ್ತು ಮೀರಿಯೂ ತೆರೆದಿರುವ ಸಣ್ಣ ದಿನಬಳಕೆಯ ಅಂಗಡಿಗಳ ಉದ್ಯಮದ ಸಂಕಷ್ಟಗಳಿಗೆಲ್ಲ ಮೂಲ ಯಾರೆಂಬುದನ್ನು ಅದರ ಹಿರಿತಲೆಗಳು ಕೊನೆಗೂ ಪತ್ತೆಹಚ್ಚಿದ್ದಾರೆ. ಬಾಡಿಗೆ ಏರಿದೆ, ಕರೆಂಟ್ ಬಿಲ್ಲು ಏರಿದೆ, ಸಿಗರೇಟು ಸೇದುವವರು ಕಡಿಮೆಯಾಗುತ್ತಿದ್ದಾರೆ, ಸಾಮಾನನ್ನು ಮನೆಬಾಗಿಲಿಗೇ ತಂದುಕೊಡುವ ಆ್ಯಪ್‌ಗಳು ಹೆಚ್ಚುತ್ತಿವೆ; ಆದರೆ ಇವೆಲ್ಲ ಚಿಲ್ಲರೆ ತಲೆನೋವುಗಳು. ನಿಜವಾದ ಅಪರಾಧಿ ಗಲ್ಲಾದ ಹಿಂದೆ ನಿಂತಿರುವ ಮನುಷ್ಯ. ಅವನಿಗೆ ಸಂಬಳ ಕೊಡಬೇಕು, ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡಬೇಕು, ಅವನಿಗೆ ಆಗಾಗ ಜ್ವರ ಬರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಅವನು ಗಿರಾಕಿಯೊಡನೆ ಮಾತಾಡುತ್ತಾನೆ. ಆದ್ದರಿಂದ ಅವನನ್ನು ಅಂಗಡಿಯಿಂದ ಹೊರಗೆ ಹಾಕುವುದಕ್ಕಿಂತ ದೊಡ್ಡ ಸುಧಾರಣೆ ಇನ್ನೊಂದಿಲ್ಲವೆಂದು ತೀರ್ಮಾನಿಸಿ, ಅವನಿಗೂ ಅವನ ಮೊಮ್ಮಕ್ಕಳಿಗೂ ಸಂಬಳ ಕೊಟ್ಟು ಮಿಗುವಷ್ಟು ಹಣವನ್ನು ಯಂತ್ರಗಳಿಗೆ ಸುರಿಯಲಾಗುತ್ತಿದೆ.

ಈ ಸುಧಾರಣೆಗೆ ಒಬ್ಬ ಆದಿಪುರುಷ ಬೇಕೆಂದರೆ ಕ್ಲಾರೆನ್ಸ್ ಸಾಂಡರ್ಸ್‌ನನ್ನು ನೆನೆಯಬೇಕು. ಗಿರಾಕಿ ಬೇಕಾದುದನ್ನು ಹೇಳಿದರೆ ಕೆಲಸದವನು ಒಳಗಿನಿಂದ ಸಾಮಾನು ತಂದುಕೊಡುತ್ತಿದ್ದ ಕಾಲದಲ್ಲಿ, 1916ರಲ್ಲಿ, ಅಮೆರಿಕದ ಮೆಂಫಿಸ್ ನಗರದಲ್ಲಿ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದ ಈತ, ಗಿರಾಕಿಯ ಕೈಗೇ ಬುಟ್ಟಿ ಕೊಟ್ಟು ಕಪಾಟಿನ ಸಾಲುಗಳ ನಡುವೆ ಅಡ್ಡಾಡಲು ಬಿಟ್ಟ. ಅದುವರೆಗೆ ಸಂಬಳ ಪಡೆದು ಒಬ್ಬ ಮಾಡುತ್ತಿದ್ದ ಕೆಲಸವನ್ನು ಜನ ತಾವೇ ದುಡ್ಡು ಕೊಟ್ಟು ಸಂತೋಷದಿಂದ ಮಾಡತೊಡಗಿದರು. ಇಷ್ಟಕ್ಕೇ ತೃಪ್ತನಾಗಿದ್ದರೆ ಚೆನ್ನಾಗಿತ್ತು. 1937ರಲ್ಲಿ ಆತ ಕೀಡೂಜಲ್ ಎಂಬ ಸ್ವಯಂಚಾಲಿತ ಅಂಗಡಿಯನ್ನು ತೆರೆದ. ಗಾಜಿನ ಹಿಂದೆ ಇಟ್ಟ ಮಾದರಿಯನ್ನು ನೋಡಿ, ಕೈಯಲ್ಲಿರುವ ಕೀಲಿಯನ್ನು ಅದರ ಪಕ್ಕದ ತೂತಿಗೆ ತೂರಿಸಿದರೆ, ಸಾಮಾನು ಬೆಲ್ಟಿನ ಮೇಲೆ ಸಾಗಿ ಗಲ್ಲಾದ ಬಳಿ ಬರಬೇಕೆಂಬುದು ಏರ್ಪಾಡು. ಜನಸಂದಣಿ ಹೆಚ್ಚಿದಾಗ ಯಂತ್ರ ತಬ್ಬಿಬ್ಬಾಗುತ್ತಿತ್ತು, ಆರ್ಡರ್‌ಗಳು ತಪ್ಪುತ್ತಿದ್ದವು, ಕೊನೆಗೆ ಅಂಗಡಿಯೇ ಮುಚ್ಚಿತು. ಸಾಂಡರ್ಸ್ 1953ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಫುಡ್‌ಎಲೆಕ್ಟ್ರಿಕ್ ಎಂಬ ಮತ್ತೊಂದು ಸ್ವಯಂಚಾಲಿತ ಅಂಗಡಿಯ ಸಿದ್ಧತೆಯಲ್ಲಿದ್ದ. ಅದು ಬಾಗಿಲು ತೆರೆಯಲೇ ಇಲ್ಲ. ಯಂತ್ರ ಕೈಕೊಡಬಹುದು, ಗಿರಾಕಿಯ ಬಿಟ್ಟಿ ದುಡಿಮೆ ಎಂದೂ ಕೈಕೊಡುವುದಿಲ್ಲ ಎಂಬ ಪಾಠವನ್ನು ಮಾತ್ರ ಉದ್ಯಮ ಅವನಿಂದ ಭದ್ರವಾಗಿ ಕಲಿತುಕೊಂಡಿತು.

ಆ ಪಾಠದ ಫಲವೇ ಸೆಲ್ಫ್ ಚೆಕ್‌ಔಟ್, ಎಂದರೆ ಗಿರಾಕಿ ತಾನೇ ಬಿಲ್ಲು ಮಾಡಿಕೊಳ್ಳುವ ಯಂತ್ರ. ಇಲ್ಲಿ ಗಿರಾಕಿಯು ಅಂಗಡಿಯ ನೌಕರನಾಗಿ ಐದು ನಿಮಿಷ ದುಡಿಯುತ್ತಾನೆ, ಆದರೆ ನೌಕರನಿಗೆ ಸಿಗುವ ವಿಶ್ವಾಸ ಅವನಿಗೆ ಸಿಗುವುದಿಲ್ಲ. ಮುದುಡಿದ ಪೊಟ್ಟಣದ ಮೇಲಿನ ಬಾರ್‌ಕೋಡನ್ನು ಹೆಬ್ಬೆರಳಿನಿಂದ ಸವರಿ ಸಪಾಟು ಮಾಡಿ, ಕೆಂಪು ಬೆಳಕಿಗೆ ಹಿಡಿದು, ತಿರುಗಿಸಿ ಹಿಡಿದು, ದೂರ ಹಿಡಿದು, ಕೊನೆಗೊಮ್ಮೆ ‘ಟುಂಯ್’ ಎಂದ ಸದ್ದು ಕೇಳಿ ನಿಟ್ಟುಸಿರುಬಿಟ್ಟು ಚೀಲದೊಳಗೆ ಇಡುವಷ್ಟರಲ್ಲಿ, ಚೀಲದ ಜಾಗದಲ್ಲಿ ಅನಿರೀಕ್ಷಿತ ವಸ್ತುವೊಂದಿದೆ ಎಂದು ಯಂತ್ರ ಅಂಗಡಿಗೆಲ್ಲ ಕೇಳುವಂತೆ ಸಾರುತ್ತದೆ. ಆ ಅನಿರೀಕ್ಷಿತ ವಸ್ತು ಗಿರಾಕಿಯ ಸ್ವಂತ ಚೀಲ. ಕಂಬದ ಮೇಲೆ ಕೆಂಪು ದೀಪ ಮಿನುಗುತ್ತದೆ, ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿ ನೋಡುತ್ತಾರೆ, ಆಗ ಎಲ್ಲಿಂದಲೋ ಒಬ್ಬ ನೌಕರ ಓಡಿಬಂದು ಕೊರಳಿನ ಕಾರ್ಡನ್ನು ತೋರಿಸಿ, ಇನ್ನೊಂದು ಯಂತ್ರದ ಕೆಂಪು ದೀಪದತ್ತ ಓಡುತ್ತಾನೆ. ಮೊದಲು ಅವನು ಕುಳಿತು ಇದೇ ಕೆಲಸವನ್ನು ಅರ್ಧ ಸಮಯದಲ್ಲಿ ಮುಗಿಸುತ್ತಿದ್ದ. ಬ್ರಿಟನ್ನಿನ ಬೂತ್ಸ್ ಎಂಬ ಮಳಿಗೆ ಸರಣಿ 2023ರಲ್ಲಿ ಎರಡು ಮಳಿಗೆಗಳನ್ನು ಬಿಟ್ಟು ಉಳಿದೆಡೆಯಿಂದ ಈ ಯಂತ್ರಗಳನ್ನು ತೆಗೆದು ಮನುಷ್ಯರನ್ನು ಕೂರಿಸುವುದಾಗಿ ಪ್ರಕಟಿಸಿದಾಗ, ಅದು ಏನೋ ಕ್ರಾಂತಿಕಾರಿ ಪ್ರಯೋಗವೆಂಬಂತೆ ಸುದ್ದಿಯಾಯಿತು.

ಇದಕ್ಕೂ ಮುಂದಿನ ಹೆಜ್ಜೆ, ಗಲ್ಲಾವೇ ಇಲ್ಲದ ಅಂಗಡಿ. 2018ರ ಜನವರಿ 22ರಂದು ಸಿಯಾಟಲ್‌ನಲ್ಲಿ ಅಮೆಜಾನ್ ಗೋ ಸಾರ್ವಜನಿಕರಿಗೆ ತೆರೆದುಕೊಂಡಿತು. ಮೊಬೈಲನ್ನು ಬಾಗಿಲಲ್ಲಿ ತೋರಿಸಿ ಒಳಹೊಕ್ಕು, ಬೇಕಾದ್ದನ್ನು ಎತ್ತಿಕೊಂಡು, ಸಾಲಿನಲ್ಲಿ ನಿಲ್ಲದೆ ನೇರ ಹೊರಗೆ ನಡೆಯಬಹುದಿತ್ತು. ಲೆಕ್ಕವನ್ನು ಸೂರಿನ ಕ್ಯಾಮೆರಾಗಳು ನೋಡಿಕೊಳ್ಳುತ್ತಿದ್ದವು. ಸಾಲೇ ಇಲ್ಲದ ಈ ಅಂಗಡಿಯನ್ನು ನೋಡಲು ಬಂದವರು ಅಂದು ಬೀದಿಯಲ್ಲಿ ಉದ್ದನೆಯ ಸಾಲಿನಲ್ಲಿ ನಿಂತಿದ್ದರು. ಮುಂದೆ 2024ರಲ್ಲಿ ಅಮೆಜಾನ್ ಅಮೆರಿಕದ ತನ್ನ ದೊಡ್ಡ ದಿನಸಿ ಮಳಿಗೆಗಳಿಂದ ಈ ವ್ಯವಸ್ಥೆಯನ್ನು ತೆಗೆಯುವುದಾಗಿ ತಿಳಿಸಿದಾಗ, ಕ್ಯಾಮೆರಾಗಳ ಹಿಂದೆ ಭಾರತದಲ್ಲಿ ಕುಳಿತ ಸುಮಾರು 1,000 ಮಂದಿ ಖರೀದಿಗಳ ವಿಡಿಯೊಗಳನ್ನು ನೋಡುತ್ತಿದ್ದರೆಂಬ ವರದಿ ಚರ್ಚೆಗೆ ಬಂತು. ಕಂಪನಿ ಅದನ್ನು ಒಪ್ಪಲಿಲ್ಲ. ಅವರು ಸ್ವಲ್ಪ ಪಾಲಿನ ಖರೀದಿಗಳನ್ನು ಮಾತ್ರ ಪರಿಶೀಲಿಸಿ ಯಂತ್ರಕ್ಕೆ ಪಾಠ ಹೇಳುವವರು ಎಂದಿತು. ಹಾಗೆಂದೇ ಇಟ್ಟುಕೊಳ್ಳೋಣ. ಗಲ್ಲಾದಿಂದ ಎಬ್ಬಿಸಿದ ಮನುಷ್ಯನಿಗೆ ಅಧ್ಯಾಪಕನಾಗಿ ಬಡ್ತಿ ಸಿಕ್ಕಿದೆಯೆಂದ ಹಾಗಾಯಿತು.

ಜಪಾನಿನಲ್ಲಿ ಇನ್ನೂ ನಾಜೂಕಿನ ಏರ್ಪಾಡಿದೆ. ಅಲ್ಲಿ ಕೆಲಸಕ್ಕೆ ಜನ ಸಿಗದೆ ಫ್ಯಾಮಿಲಿಮಾರ್ಟ್ ಸರಣಿಯು ಫ್ರಿಜ್ಜಿನ ಹಿಂಬದಿಯಲ್ಲಿ ಬಾಟಲಿ ಜೋಡಿಸುವ ರೋಬೋಗಳನ್ನು ತರಿಸಿತು. ರೋಬೋ ಬಾಟಲಿಯನ್ನು ಬೀಳಿಸಿದರೆ, ಫಿಲಿಪ್ಪೀನ್ಸ್‌ನಲ್ಲಿ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕುಳಿತ ಒಬ್ಬ ಯುವಕ ದೂರದಿಂದಲೇ ಅದರ ಕೈಯನ್ನಾಡಿಸಿ ಬಾಟಲಿ ಎತ್ತಿಡುತ್ತಾನೆ. ಸಮುದ್ರದಾಚೆಗಿನ ಕೆಲಸಗಾರನಿಗೆ ವೀಸಾ ಕೊಡುವುದಕ್ಕಿಂತ ಅವನ ಕೈಯನ್ನು ಮಾತ್ರ ತರಿಸಿಕೊಳ್ಳುವುದು ಸುಲಭವೆಂದು ಯಾರಿಗೋ ಹೊಳೆದಿರಬೇಕು.

ಆದರೆ ಇವೆಲ್ಲಕ್ಕೂ ಕಳಶಪ್ರಾಯವಾದ ಆವಿಷ್ಕಾರ ಅಮೆರಿಕದ್ದು. ಔಷಧಿಯನ್ನೂ ದಿನಬಳಕೆಯ ಸಾಮಾನನ್ನೂ ಮಾರುವ ವಾಲ್‌ಗ್ರೀನ್ಸ್ ಮಳಿಗೆಗಳಲ್ಲಿ ಫ್ರಿಜ್ಜುಗಳಿಗೆ ಗಾಜಿನ ಬಾಗಿಲುಗಳಿದ್ದವು. ಗಾಜಿಗೆ ಒಂದು ದೊಡ್ಡ ದೋಷವಿದೆ: ಅದರ ಮೂಲಕ ಒಳಗಿರುವುದು ಕಾಣುತ್ತದೆ, ಜಾಹೀರಾತು ಕಾಣುವುದಿಲ್ಲ. ಈ ಕೊರತೆಯನ್ನು ನೀಗಿಸಲು ಕೂಲರ್ ಸ್ಕ್ರೀನ್ಸ್ ಎಂಬ ಕಂಪನಿಯು ಗಾಜನ್ನು ತೆಗೆದು, ಅದರ ಜಾಗದಲ್ಲಿ ಬಾಗಿಲಿನಷ್ಟೇ ದೊಡ್ಡ ಪರದೆಗಳನ್ನು ಕೂರಿಸಿ, ಒಳಗಿನ ಬಾಟಲಿಗಳ ಚಿತ್ರವನ್ನು ಹೊರಗೆ ತೋರಿಸತೊಡಗಿತು. ಒಳಗೆ ಬಾಟಲಿ ಇದೆಯೆಂದು ಪರದೆ ಹೇಳುವುದು, ಬಾಗಿಲು ತೆಗೆದರೆ ಖಾಲಿ ತಟ್ಟೆಯೊಂದೇ ಕಾಣುವುದು, ಗಿರಾಕಿ ಪಕ್ಕದ ಬಾಗಿಲನ್ನೂ ತೆಗೆದು ನೋಡುವುದು, ಹೀಗೆ ನೋಡುವಷ್ಟರಲ್ಲಿ ತಂಪೆಲ್ಲ ಹೊರಗೆ ಹರಿದುಹೋಗುವುದು ಎಂಬ ದೂರುಗಳು ಬಂದವು. ಕಂಪನಿಗೂ ಮಳಿಗೆಗೂ ಜಗಳ ಹತ್ತಿ, 2023ರ ಡಿಸೆಂಬರ್‌ನಲ್ಲಿ ಚಿಕಾಗೋ ಸುತ್ತಿನ ನೂರಕ್ಕೂ ಹೆಚ್ಚು ಮಳಿಗೆಗಳ ಪರದೆಗಳಿಗೆ ಬರುತ್ತಿದ್ದ ಮಾಹಿತಿಯನ್ನು ಕಂಪನಿ ಕಡಿದುಹಾಕಿತು. ಕ್ಷಣಮಾತ್ರದಲ್ಲಿ ಗಿರಾಕಿಯ ಮುಂದೆ ಏನೂ ಕಾಣದ ಬಾಗಿಲುಗಳ ಸಾಲು ನಿಂತಿತು. ಫ್ರಿಜ್ಜಿನೊಳಗೆ ಏನಿದೆಯೆಂದು ತಿಳಿಯುವುದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬಂದದ್ದು ಶೈತ್ಯೀಕರಣದ ಇತಿಹಾಸದಲ್ಲಿ ಬಹುಶಃ ಅದೇ ಮೊದಲು.

ಇಷ್ಟೆಲ್ಲ ಶುದ್ಧೀಕರಣದ ನಡುವೆಯೂ ಉದ್ಯಮ ಕೈಹಚ್ಚದ ಮನುಷ್ಯನೊಬ್ಬನಿದ್ದಾನೆ. ಅವನು ಫ್ರಾಂಚೈಸಿ ಮಾಲೀಕ, ಎಂದರೆ ಕಂಪನಿಯ ಹೆಸರಿನಲ್ಲಿ ಒಪ್ಪಂದದ ಮೇಲೆ ಅಂಗಡಿ ನಡೆಸಿ, ಲಾಭದಲ್ಲಿ ಅದಕ್ಕೆ ಪಾಲು ಕೊಡುವವನು. ಅವನಿಗೆ ಸಂಬಳವೇ ಇಲ್ಲವಾದ್ದರಿಂದ ಅವನನ್ನು ತೆಗೆದುಹಾಕುವ ಅಗತ್ಯವೂ ಇಲ್ಲ. ಜಪಾನಿನ ಇಂಥ ಅಂಗಡಿಗಳ ಲೆಕ್ಕಪದ್ಧತಿಯಂತೆ ಕೇಂದ್ರ ಕಚೇರಿಯ ಪಾಲು ಬರುವುದು ಒಟ್ಟು ಲಾಭದಿಂದ, ಮತ್ತು ಮಾರಾಟವಾಗದೆ ತಿಪ್ಪೆಗೆ ಸೇರಿದ ಸರಕಿನ ಬೆಲೆಯನ್ನು ಆ ಲಾಭದಿಂದ ಕಳೆಯುವುದಿಲ್ಲ. ಹೀಗಾಗಿ ಎಸೆದ ಸಾಮಾನಿನ ನಷ್ಟ ಬಹುಪಾಲು ಮಾಲೀಕನದು. ಅವಧಿ ಮುಗಿಯುವ ಮುನ್ನ ಬೆಲೆ ಇಳಿಸಿ ಮಾರಿಬಿಡೋಣವೆಂದು ಹೊರಟ ಮಾಲೀಕರನ್ನು ತಡೆದದ್ದಕ್ಕೆ 2009ರಲ್ಲಿ ಅಲ್ಲಿನ ಸ್ಪರ್ಧಾ ಆಯೋಗವು ಸೆವೆನ್-ಇಲೆವೆನ್ ಜಪಾನ್ ಕಂಪನಿಗೆ ಹಾಗೆ ಮಾಡಬಾರದೆಂದು ಆದೇಶಿಸಬೇಕಾಯಿತು.

ಹತ್ತು ವರ್ಷಗಳ ನಂತರ, 2019ರಲ್ಲಿ, ಹಿಗಾಶಿ-ಒಸಾಕಾ ನಗರದಲ್ಲಿ ಅದೇ ಕಂಪನಿಯ ಅಂಗಡಿ ನಡೆಸುತ್ತಿದ್ದ ಒಬ್ಬ ಮಾಲೀಕ ಕೆಲಸಕ್ಕೆ ಜನ ಸಿಗುತ್ತಿಲ್ಲವೆಂದು ರಾತ್ರಿ ಒಂದರಿಂದ ಬೆಳಗಿನ ಆರರವರೆಗೆ ಅಂಗಡಿ ಮುಚ್ಚತೊಡಗಿದ. ಮನುಷ್ಯ ನಿದ್ದೆ ಮಾಡುತ್ತಾನೆಂಬ ಈ ಬೆಳವಣಿಗೆಗೆ, ಹಗಲಿರುಳೂ ಅಂಗಡಿ ತೆರೆದಿಡಬೇಕೆಂಬ ಒಪ್ಪಂದದಲ್ಲಿ ಅವಕಾಶವಿರಲಿಲ್ಲ. ಜಗಳ ಬೆಳೆದು ಅದೇ ವರ್ಷದ ಕೊನೆಗೆ ಕಂಪನಿ ಒಪ್ಪಂದವನ್ನೇ ರದ್ದುಪಡಿಸಿತು. ಕಾರಣ ಅವನ ನಿದ್ದೆಯಲ್ಲ, ಅವನ ನಡವಳಿಕೆಯ ಬಗ್ಗೆ ಗಿರಾಕಿಗಳಿಂದ ಬಂದ ದೂರುಗಳು ಎಂಬುದು ಕಂಪನಿಯ ವಾದವಾಗಿತ್ತು. 2022ರಲ್ಲಿ ಒಸಾಕಾದ ಜಿಲ್ಲಾ ನ್ಯಾಯಾಲಯ ಆ ವಾದವನ್ನೇ ಎತ್ತಿಹಿಡಿಯಿತು. ಆದರೆ ತೀರ್ಪು ಬರುವವರೆಗೆ ಕೇಂದ್ರ ಕಚೇರಿ ಕೈಕಟ್ಟಿ ಕೂರಲಿಲ್ಲ. ಬೀಗ ಬಿದ್ದ ಅಂಗಡಿಯನ್ನು ಮಾಲೀಕ ಬಿಟ್ಟುಕೊಡದಿದ್ದಾಗ, 2021ರಲ್ಲಿ ಅದರ ಎದುರಿನ ಪಾರ್ಕಿಂಗ್ ಜಾಗದಲ್ಲೇ ತಾತ್ಕಾಲಿಕ ಕಟ್ಟಡವೊಂದನ್ನು ನಿಲ್ಲಿಸಿ, ಅದೇ ಬೋರ್ಡು ತಗುಲಿಸಿ ಎರಡನೆಯ ಸೆವೆನ್-ಇಲೆವೆನ್ ಅನ್ನು ತೆರೆಯಿತು. ಅಲ್ಲಿಗೆ ಕಾರಿನಲ್ಲಿ ಬರುವ ಗಿರಾಕಿ ಕಾರನ್ನು ಎಲ್ಲಿ ನಿಲ್ಲಿಸಬೇಕೆಂಬುದು, ಎಂದಿನಂತೆ, ಗಿರಾಕಿಗೆ ಬಿಟ್ಟ ಕೆಲಸ.