ಮಾಲದಂಡಿ ಜೋಳಕ್ಕೂ ಒಂದು ಭಟ್ಟಿ ಬೇಕು

ಇದನ್ನು ಓದಿ ನಮ್ಮ ಕಡೆಯ ಕೆಲವರಿಗೆ ಸಿಟ್ಟು ಬರಬಹುದು. ಬಂದರೂ ಸರಿ, ಅಮೆರಿಕಕ್ಕೆ ಹೋಗಿ ಬಂದಾಗಿನಿಂದ ತಲೆಯಲ್ಲಿ ಕುದಿಯುತ್ತಿರುವ ಮಾತು ಬರೆದೇ ಬಿಡುತ್ತೇನೆ. ಕಲಬುರಗಿಯಲ್ಲಿ, ನಮ್ಮ ಹೊಲದ ಮಾಲದಂಡಿ ಅನ್ನುವ ಹಿಂಗಾರಿ ಬಿಳಿ ಜೋಳದಿಂದ, ಜನರ ಕಣ್ಣೆದುರು ವಿಸ್ಕಿ ಮಾಡುವ ಒಂದು ಸಣ್ಣ ಭಟ್ಟಿಗೆ ಸರಕಾರ ಪರವಾನಗಿ ಕೊಡಬೇಕು.

ಅಕ್ಕನ ಮಗ ನ್ಯೂಯಾರ್ಕ್ ಹತ್ತಿರ ನೌಕರಿಯಲ್ಲಿದ್ದಾನೆ. "ಮಾಮಾ, ನೀವು ಹೊಲ-ಮನಿ ಮಂದಿ, ನಿಮಗ ಎತ್ತರದ ಬಿಲ್ಡಿಂಗಿಗಿಂತ ಇದು ಸೇರ್ತದ ನೋಡ್ರಿ" ಅಂತ ಬ್ರೂಕ್ಲಿನ್‌ನ ಹಳೆಯ ನೌಕಾನೆಲೆಗೆ ಕರೆದುಕೊಂಡು ಹೋದ. ಅಲ್ಲಿರುವುದು ಕಿಂಗ್ಸ್ ಕೌಂಟಿ ಡಿಸ್ಟಿಲರಿ. ಅಮೆರಿಕದಲ್ಲಿ 1920ರಿಂದ 1933ರ ತನಕ ಮದ್ಯ ನಿಷೇಧ ಇತ್ತಲ್ಲ, ಅದು ಮುಗಿದು ಎಷ್ಟೋ ದಶಕ ಕಳೆದ ಮೇಲೆ, 2010ರಲ್ಲಿ, ನ್ಯೂಯಾರ್ಕ್ ನಗರದೊಳಗೆ ಮತ್ತೆ ಹುಟ್ಟಿದ ಮೊದಲ ವಿಸ್ಕಿ ಭಟ್ಟಿ ಇದು. ಈಗಿರುವ ಇಟ್ಟಿಗೆ ಕಟ್ಟಡ 1899ರದ್ದು, ನೌಕಾನೆಲೆಯ ಮಂದಿಗೆ ಪಗಾರ ಹಂಚುತ್ತಿದ್ದ ಕಚೇರಿ. 1870ರ ಆಸುಪಾಸಿನಲ್ಲಿ ಇದೇ ಓಣಿಗಳಲ್ಲಿ ಐರಿಷ್ ವಲಸಿಗರು ತೆರಿಗೆ ಕಟ್ಟದೆ ಕಳ್ಳಭಟ್ಟಿ ಹಾಕುತ್ತಿದ್ದರು. ಅವನ್ನು ಒಡೆಯಲು ಸರಕಾರ ಸೈನಿಕರನ್ನೇ ಕಳಿಸಿತ್ತು. ಒಂದು ಕಾಲಕ್ಕೆ ಬಂದೂಕು ಹಿಡಿದು ಭಟ್ಟಿ ಒಡೆದ ಜಾಗದಲ್ಲಿ ಇವತ್ತು ಕಾನೂನಿನ ಪ್ರಕಾರ ಭಟ್ಟಿ ನಡೆಯುತ್ತಿದೆ. ಶಾಲೆಯ ಮಕ್ಕಳಿಗೆ ಗಿರಣಿ ತೋರಿಸುವಷ್ಟು ನಿರಾಳವಾಗಿ ಅದನ್ನು ಬಂದವರಿಗೆ ತೋರಿಸುತ್ತಾರೆ. ನನ್ನನ್ನು ತಡೆದು ನಿಲ್ಲಿಸಿದ್ದು ಇದೇ.

ಮೆಕ್ಕೆಜೋಳದ ನುಚ್ಚನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್, ಬೆರೆಸಿದರೆ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಮುಚ್ಚಳವಿಲ್ಲದ ತೊಟ್ಟಿಗಳಲ್ಲಿ ಯೀಸ್ಟ್ ಬಿದ್ದು ನೊರೆ ಏಳುತ್ತಿತ್ತು. ಬಗ್ಗಿ ಮೂಸಿದೆ. ರಾತ್ರಿ ಹುಳಿ ಬರಲು ಬಿಟ್ಟ ಜೋಳದ ಅಂಬಲಿಯ ವಾಸನೆಯೇ. ಆಮೇಲೆ ತಾಮ್ರದ ಹಂಡೆಗಳು. ಮೊದಲು ಇಳಿದ ಭಾಗವನ್ನು ಬೇರೆ ತೆಗೆಯುತ್ತಾರೆ, ಅದು ಉಗುರುಬಣ್ಣ ತೆಗೆಯುವ ದ್ರವದ ಹಾಗೆ ಮೂಗಿಗೆ ಹೊಡೆಯುತ್ತದೆ. ಕೊನೆಗೆ ಇಳಿದದ್ದನ್ನೂ ಬೇರೆ ಇಡುತ್ತಾರೆ. ನಡುವಿನದ್ದಷ್ಟೇ ಕುಡಿಯಲಿಕ್ಕೆ. ಎಲ್ಲಿ ಕಡಿದು ಬೇರೆ ಮಾಡಬೇಕು ಅನ್ನುವುದನ್ನು ಭಟ್ಟಿಯವರು ಮೂಗು, ನಾಲಿಗೆಯಿಂದಲೂ ನಿರ್ಧರಿಸುತ್ತಾರೆ. ಅಮೆರಿಕದ ವಿಸ್ಕಿಯನ್ನು ಬರ್ಬನ್ ಅನ್ನಬೇಕಾದರೆ ಕಾಳಿನಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಇದು ಅಲ್ಲಿನ ಕಾನೂನು.

ರುಚಿ ನೋಡುವ ಕೋಣೆಯಲ್ಲಿ ಕೊಟ್ಟದ್ದು ಗುಟುಕು ಗುಟುಕಷ್ಟೇ. ಮೊದಲು ಪೀಪಾಯಿಗೆ ಹಾಕದ ಬಿಳಿ ವಿಸ್ಕಿ. ಅದರಲ್ಲಿ ಕಾಳಿನ ರುಚಿ ಹಾಗೇ ನಾಲಿಗೆಗೆ ತಾಗಿತು. ಬಣ್ಣ, ಸುವಾಸನೆ ಯಾವುದರ ಮರೆಯೂ ಇಲ್ಲ. ಅದು ಗಂಟಲಿಗೆ ಇಳಿದಾಗಲೇ ನನಗೆ ಹೊಳೆದದ್ದು, ನಾವು ಇಷ್ಟು ವರ್ಷ ವಿಸ್ಕಿ ಅಂತ ಕುಡಿದದ್ದರಲ್ಲಿ ಯಾವ ಬೆಳೆಯ ರುಚಿಯೂ ಇರಲಿಲ್ಲ ಅಂತ. ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಬಹಳಷ್ಟು ಕಬ್ಬಿನ ಕಾಕಂಬಿಯಿಂದ ಇಳಿಸಿದ, ರುಚಿ ವಾಸನೆ ತೆಗೆದುಹಾಕಿದ ಸ್ಪಿರಿಟ್. ಅದಕ್ಕೆ ಬಣ್ಣ, ಪರಿಮಳ ಕೂಡಿಸುತ್ತಾರೆ. ಯುರೋಪಿನಲ್ಲಿ ಅದನ್ನು ವಿಸ್ಕಿ ಅಂತ ಮಾರುವ ಹಾಗಿಲ್ಲ.

ನ್ಯೂಯಾರ್ಕ್ ರಾಜ್ಯ 2007ರಲ್ಲಿ ಹೊಲಕ್ಕೆ ಹೊಂದಿಕೊಂಡ ಸಣ್ಣ ಭಟ್ಟಿಗಳಿಗಾಗಿ ಒಂದು ಕಾಯ್ದೆ ತಂದಿತು. ಕಚ್ಚಾಮಾಲಿನ ಬಹುಪಾಲು ಆ ರಾಜ್ಯದ ರೈತರದ್ದೇ ಆಗಿರಬೇಕು. ಹಾಗಿದ್ದರೆ ಭಟ್ಟಿಯಲ್ಲೇ ರುಚಿ ತೋರಿಸಬಹುದು, ಅಲ್ಲೇ ಮಾರಬಹುದು. ಅದೇ 2007ರ ಜುಲೈ 1ರಂದು ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಅಂಥ ಸಾವು ತರುವುದು ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್. ಕಾಳು ಹುಳಿಸಿದರೆ ಹುಟ್ಟುವ ಮೆಥನಾಲ್ ತೀರಾ ಕಡಿಮೆ. ಕೊಲ್ಲುವುದು ಕಾರ್ಖಾನೆಗೆಂದು ತಯಾರಾದದ್ದನ್ನು ಕಳ್ಳತನದಲ್ಲಿ ಬೆರೆಸಿದಾಗ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಹೋದದ್ದೂ ಹೀಗೇ. ಕತ್ತಲಲ್ಲಿ ತಯಾರಾಗುವ ಕುಡಿತದ ಮೇಲೆ ನನಗೆ ಇರುವ ಸಿಟ್ಟು ಇಷ್ಟಿಷ್ಟಲ್ಲ.

ಊರಿಗೆ ಬಂದು ಈ ಮಾತು ಎತ್ತಿದಾಗ ಆಳಂದ ಕಡೆಯ ನಮ್ಮ ಕಾಕಿ ಸುಮ್ಮನಿರಲಿಲ್ಲ. "ಓಣಿಗೊಂದು ಕಿರಾಣಿ ಅಂಗಡ್ಯಾಗ ಶೆರಿ ಪಾಕೀಟು ಸಿಗಲತ್ತಾವ, ಗಂಡಸ್ರು ಮುಂಜಾನೆ ಎದ್ದ ಕೂಡ್ಲೇ ಅಲ್ಲೇ ನಿಂದರ್ತಾರ. ನೀ ಇನ್ನೊಂದು ಭಟ್ಟಿ ಹಾಕ್ರಿ ಅಂತೀಯೇನೋ ತಮ್ಮಾ?" ಅಂದಳು. ಕಾಕಿಯ ಮಾತು ಹಗುರಾಗಿ ತೆಗೆದುಕೊಳ್ಳುವಂಥದ್ದಲ್ಲ. ಅವಳೂ ಓಣಿಯ ಹೆಣ್ಣುಮಕ್ಕಳೂ ಕೂಡಿ ಅಂಥ ಅಂಗಡಿಯ ಮುಂದೆ ಬಿಸಿಲಲ್ಲಿ ಕೂತವರು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಅಂತ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದರು. ಆದರೆ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಹಾಕಿಕೊಂಡ ಸರಕಾರ ಆ ಪಾಕೀಟುಗಳನ್ನು ತಾನಾಗಿ ನಿಲ್ಲಿಸುತ್ತದೆ ಅಂತ ನನಗೆ ನಂಬಿಕೆಯಿಲ್ಲ. ನಾನು ಕೇಳುತ್ತಿರುವುದು ಪಾಕೀಟಿನ ಪಕ್ಕದಲ್ಲಿ ಇನ್ನೊಂದು ಅಂಗಡಿಯನ್ನಲ್ಲ. ಇಂತಿಂಥ ಊರಿನ ಜೋಳ, ಇಂಥ ದಿನ ಇಳಿಸಿದ್ದು, ಇಷ್ಟು ವರ್ಷ ಪೀಪಾಯಿಯಲ್ಲಿ ಇಟ್ಟದ್ದು ಅಂತ ಬರೆದು, ದೊಡ್ಡ ಬೆಲೆಗೆ ಕೆಲವೇ ಬಾಟಲಿ ಮಾರುವ ಒಂದು ಜಾಗ. ಅದರ ಬಾಗಿಲು ಕಾಕಿಗೂ ತೆರೆದಿರಬೇಕು, ಅವಳು ಒಳಗೆ ಹೋಗಿ ತೊಟ್ಟಿ ನೋಡಿ ಪ್ರಶ್ನೆ ಕೇಳುವ ಹಾಗಿರಬೇಕು.

ಜೋಳದ ಪರವಾಗಿಯೂ ಹೇಳಬೇಕು. ನಮ್ಮ ತೊಗರಿಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿತು. ನಮ್ಮ ಕಡೆಯ ಜೋಳಕ್ಕೆ ಆ ಗೌರವ ಇಲ್ಲ. ಹಿಂಗಾರಿಯಲ್ಲಿ ಜೋಳ ಕೀಳಲು ಆಳು ಸಿಗುವುದಿಲ್ಲ, ಹೊಲಗಳು ಬೇರೆ ಬೆಳೆಗೆ ಹೋಗುತ್ತಿವೆ. 2025-26ಕ್ಕೆ ಮಾಲದಂಡಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಚೀನಾದಲ್ಲಿ ಇದೇ ಜೋಳದ ಜಾತಿಯ ಕಾಳಿನಿಂದ ಮೌಟಾಯ್ ಇಳಿಸುತ್ತಾರೆ, ಅದು ಅಲ್ಲಿನ ಸರಕಾರಿ ಔತಣಗಳಲ್ಲಿ ಬಹುಕಾಲ ಮರ್ಯಾದೆಯ ಪೇಯವಾಗಿತ್ತು. ನೈಜೀರಿಯಾ 1988ರಲ್ಲಿ ಬಾರ್ಲಿ ಆಮದು ನಿಲ್ಲಿಸಿದಾಗ ಅಲ್ಲಿನ ಕಂಪನಿಗಳು ಜೋಳದಿಂದಲೇ ಬಿಯರ್ ಮಾಡಲು ಕಲಿತವು. ನಮ್ಮ ರಾಜ್ಯಕ್ಕೂ ವಿದ್ಯೆ ಹೊಸದಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೇ ಹೋಗಿ ತಮ್ಮ ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಯಲ್ಲಿ ಬಾರ್ಲಿ ಮಾಲ್ಟಿನಿಂದ ಇಳಿಸಿದ ವಿಸ್ಕಿ, ಮಾರುಕಟ್ಟೆಗೆ ಬಿಟ್ಟರು. ನಮ್ಮ ಸೆಕೆಯಲ್ಲಿ ವಿಸ್ಕಿ ಬೇಗ ಹದಕ್ಕೆ ಬರುತ್ತದೆ ಅಂತ ಜಗತ್ತಿಗೆ ತೋರಿಸಿದವರು ಅವರು. ಆದರೆ ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ 2% ಆವಿಯಾದರೆ ಬೆಂಗಳೂರಿನಲ್ಲಿ 10%ಕ್ಕೂ ಮೇಲೆ. ಕಲಬುರಗಿಯ ಮೇ ತಿಂಗಳ ಒಣ ಬಿಸಿಲಲ್ಲಿ ಇನ್ನೂ ಹೆಚ್ಚು ಹೋದೀತು, ಅದೂ ನೀರೇ ಮೊದಲು ಹಾರಿ ಒಳಗಿನದು ಇನ್ನಷ್ಟು ಕಡಕ್ ಆದೀತು. ಆ ನಷ್ಟ ಲೆಕ್ಕ ಹಾಕಿಯೇ ಕೈ ಹಾಕಬೇಕು.

ಜೋಳ ಸುಲಭದ ಕಾಳೂ ಅಲ್ಲ. ಬಾರ್ಲಿಗಿಂತ ಹೆಚ್ಚು ಕಾವಿನಲ್ಲಿ ಬೇಯಿಸಬೇಕು. ಮೊಳಕೆ ಬಂದ ಜೋಳಕ್ಕೆ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಬಾರ್ಲಿಯಷ್ಟಿಲ್ಲ. ಎಳೆಯ ಜೋಳದ ಸುಳಿ ಮೇಯ್ದು ದನ ಸಾಯುವುದು ನಮ್ಮ ಎಲ್ಲ ರೈತರಿಗೂ ಗೊತ್ತು. ಸಯನೈಡ್ ಹುಟ್ಟಿಸುವ ಆ ಅಂಶ ಮೊಳಕೆಯಲ್ಲೂ ಇರುತ್ತದೆ. ಹಾಗಾಗಿ ಮೊಳಕೆ ಒಣಗಿಸಿ, ಬೇರು-ಸುಳಿ ಉಜ್ಜಿ ತೆಗೆದ ಮೇಲೆಯೇ ಮಾಲ್ಟ್ ಬಳಸಬೇಕು. ಇದೆಲ್ಲ ಪರೀಕ್ಷೆ ಮಾಡಿ ನೋಡಲು ಕಲಬುರಗಿಯಲ್ಲೇ ಕೃಷಿ ಕಾಲೇಜಿದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಮಳೆಗೆ ಸಿಕ್ಕು ಕಪ್ಪಾಗಿ ರೊಟ್ಟಿಗೆ ಬಾರದ ಮುಂಗಾರಿ ಜೋಳವನ್ನು ದೊಡ್ಡ ಡಿಸ್ಟಿಲರಿಗಳು ಕಡಿಮೆ ಬೆಲೆಗೆ ಎತ್ತುವುದುಂಟು. ನಾನು ಹೇಳುತ್ತಿರುವುದು ಅದಲ್ಲ, ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಒಳ್ಳೆಯ ಬಿಳಿ ಮಾಲದಂಡಿಗೆ ಬರುವ ದರಕ್ಕಿಂತ ಹೆಚ್ಚು ಕೊಟ್ಟು, ಹೆಸರು ಬರೆದುಕೊಂಡು ಕೊಳ್ಳುವುದು.

ಬೆಂಗಳೂರಿನಲ್ಲಿ ಬಿಯರ್ ಅಲ್ಲೇ ಮಾಡಿ ಅಲ್ಲೇ ಕೊಡುವ ಮೈಕ್ರೋಬ್ರೂವರಿಗಳಿಗೆ ಅವಕಾಶ ಇದೆ. ಅದೇ ತರಹದ ಒಂದು ಸಣ್ಣ ಪರವಾನಗಿ ಕಾಳಿನ ಭಟ್ಟಿಗೂ ಬರಲಿ. ಕಾಕಿ ಕೊನೆಗೆ ಮೂರು ಷರತ್ತು ಹಾಕಿದಳು: ಪಾಕೀಟಿನಲ್ಲಿ ತುಂಬಬಾರದು, ಸಾಲಕ್ಕೆ ಕೊಡಬಾರದು, ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳು ಬೇಡ ಅಂದ ಊರಿನಲ್ಲಿ ಭಟ್ಟಿ ಹಾಕಬಾರದು. ಮೂರಕ್ಕೂ ನನ್ನ ಸಹಿ ಇದೆ. ಪರವಾನಗಿಯ ಕರಡಿನಲ್ಲಿ ಇವನ್ನೇ ಮೊದಲು ಬರೆಯಿರಿ.